ಬಾಡಿಗೆ ಮನೆ ಬದಲಾಯಿಸಿದ ಮೇಲೆ ಗೃಹಜ್ಯೋತಿ ಅರ್ಜಿ ತಿರಸ್ಕಾರ

ಬಾಡಿಗೆ ಮನೆ ಬದಲಾಯಿಸಿ, ಹೊಸ ಮನೆಗೆ ಗೃಹಜ್ಯೋತಿ (ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಯೋಜನೆ) ಅರ್ಜಿ ಹಾಕಿದರೆ "ಆಧಾರ್ ಈಗಾಗಲೇ ಜೋಡಣೆಯಾಗಿದೆ" ಅಂತ ಬರುತ್ತಿದೆ ಅಂದಿರಲ್ಲ, ನಿಮ್ಮ ಆಧಾರ್ ಹಳೆ ಮನೆಯ ಮೀಟರಿಗೇ ಅಂಟಿಕೊಂಡಿರಬೇಕು. ಮನೆ ಖಾಲಿ ಮಾಡಿದರೂ ಅದು ತಾನಾಗಿ ಬಿಡುವುದಿಲ್ಲ.

ಮೊದಲು ಸರ್ಕಾರಿ ಸೇವೆಗಳ ಜಾಲತಾಣ ಸೇವಾ ಸಿಂಧುವಿನ ಗೃಹಜ್ಯೋತಿ ಪುಟದಲ್ಲಿ ಡೀ-ಲಿಂಕ್ ಮಾಡಿ, ಅಂದರೆ ಹಳೆ ಮೀಟರಿನ ಜೋಡಣೆ ಬಿಡಿಸಿ. ಒಟಿಪಿ ಬರುವುದು ಆಧಾರಿಗೆ ಕೊಟ್ಟ ಮೊಬೈಲಿಗೆ, ಆ ಸಿಮ್ ಕೈಯಲ್ಲಿರಲಿ. ಆಮೇಲೆ ಹೊಸ ಮನೆಯ ಬಿಲ್ ನೋಡಿ ಅಕೌಂಟ್ ಐಡಿ ಹಾಕಿ. ಆರ್‌ಆರ್ ನಂಬರ್ (ಮೀಟರಿನ ಸಂಪರ್ಕ ಸಂಖ್ಯೆ) ಬೇರೆ, ಅಕೌಂಟ್ ಐಡಿ ಬೇರೆ, ಸುಮಾರು ಜನ ಇಲ್ಲೇ ಎಡವುತ್ತಾರೆ. ಪರದೆ ಮೇಲೆ ಮಾಲೀಕರ ಹೆಸರು ಕಾಣಿಸಿದರೆ ಗಾಬರಿ ಬೇಡ, ಮೀಟರ್ ಅವರ ಹೆಸರಲ್ಲಿರುತ್ತೆ ಅಲ್ವಾ. ನೀವು "ಬಾಡಿಗೆದಾರ" ಅಂತ ಆರಿಸಿ.

ಆಗಲೂ ಆಗದಿದ್ದರೆ, ಬಹುಶಃ ಅಲ್ಲಿ ಮೊದಲಿದ್ದವರ ಆಧಾರ್ ಆ ಮೀಟರಿಗೆ ಇನ್ನೂ ಜೋಡಣೆಯಾಗಿದೆ. ಮಾಲೀಕರ ಮೂಲಕ ಅವರಿಗೆ ಹೇಳಿಸಿ ಬಿಡಿಸಿಕೊಳ್ಳಿ. ಅವರು ಸಿಗದಿದ್ದರೆ ಬಾಡಿಗೆ ಕರಾರು ಪತ್ರ, ಬಿಲ್ ಹಿಡಿದು ನಿಮ್ಮ ಏರಿಯಾದ ವಿದ್ಯುತ್ ಉಪವಿಭಾಗ ಕಚೇರಿಗೆ ಹೋಗಿ.

ಒಂದು ವಿಷಯ ಮಾತ್ರ ನೆನಪಿರಲಿ: ತಿಂಗಳಿಗೆ 200 ಯೂನಿಟ್ ಪೂರ್ತಿ ಉಚಿತ ಅಂದುಕೊಳ್ಳಬೇಡಿ. ಸರಾಸರಿ ಬಳಕೆಯ ಲೆಕ್ಕದ ಮೇಲೆ ನಿಮ್ಮ ಉಚಿತ ಮಿತಿ ನಿಲ್ಲುತ್ತೆ, ಅದಕ್ಕಿಂತ ಜಾಸ್ತಿ ಉರಿಸಿದ್ದಕ್ಕೆ ದುಡ್ಡು ಕಟ್ಟಬೇಕು. ಈಗ ಬಂದಿರುವ ಬಿಲ್ ಬಾಕಿ ಇಡದೆ ಕಟ್ಟಿಬಿಡಿ.