ಮಾರುವವರ ಡಿವೋರ್ಸ್ ಮುಗಿಯುವವರೆಗೆ ಮನೆ ರಿಜಿಸ್ಟ್ರೇಶನ್‌ಗೆ ಕಾಯಬೇಕಾ?

ಪ್ರಶ್ನೆ: ಮೇಡಂ, ನಾವು ಮಂಗಳೂರಿನ ಕುಲಶೇಖರದಲ್ಲಿ ಬಾಡಿಗೆಗೆ ಇದ್ದೇವೆ. ಬೋಂದೆಲ್ ಹತ್ತಿರ ಆರು ಸೆಂಟ್ಸ್ ಜಾಗದಲ್ಲಿರುವ ಒಂದು ಮನೆ 78 ಲಕ್ಷಕ್ಕೆ ಮಾತಾಯಿತು. ಮನೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿದೆ. ಜನವರಿಯಲ್ಲಿ ಕರಾರು ಮಾಡಿ 5 ಲಕ್ಷ ಮುಂಗಡ ಕೊಟ್ಟೆವು. ಮೂರು ತಿಂಗಳಲ್ಲಿ ರಿಜಿಸ್ಟ್ರೇಶನ್ ಎಂದು ಬರೆದಿತ್ತು. ಈಗ ಆಟಿ ತಿಂಗಳೂ (ಜುಲೈ-ಆಗಸ್ಟ್) ಕಳೆಯಿತು. ಅವರಿಬ್ಬರ ಡಿವೋರ್ಸ್ ಕೇಸ್ ನಡೆಯುತ್ತಿದೆ. ಗಂಡ ದುಬೈಯಲ್ಲಿದ್ದಾರೆ, ಹೆಂಡತಿ ತಾಯಿ ಮನೆಯಲ್ಲಿ. ಯಾರಿಗೆ ಫೋನ್ ಮಾಡಿದರೂ "ಕೇಸ್ ಮುಗಿಯಲಿ" ಎನ್ನುತ್ತಾರೆ. ಬ್ಯಾಂಕ್ ಸಾಲದ ಮಂಜೂರಾತಿ ವಾಯಿದೆ ಮುಗಿಯುತ್ತಾ ಬಂತು. ಏನು ಮಾಡುವುದು?

ಉತ್ತರ: ಕೇಸ್ ಮುಗಿಯಲಿ ಎಂದು ಕಾಯಬೇಡಿ. ಮನೆ ಇಬ್ಬರ ಹೆಸರಲ್ಲಿದೆ. ಇಬ್ಬರೂ ಸಹಿ ಹಾಕಿದರೆ ಕ್ರಯಪತ್ರ ಆಗುತ್ತದೆ. ಆ ದಿನ ಅವರು ಗಂಡ-ಹೆಂಡತಿ ಹೌದೋ ಅಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅಡ್ಡಿ ಬರುವುದು ಕೋರ್ಟಿನ ತಡೆಯಾಜ್ಞೆ ಇದ್ದರೆ ಮಾತ್ರ, ಅಥವಾ ಈ ಮನೆಯ ಹಕ್ಕಿನ ಬಗ್ಗೆಯೇ ದಾವೆ ಇದ್ದರೆ. ಅಂಥ ದಾವೆ ನಡೆಯುವಾಗ ಮನೆ ಕೊಂಡರೆ ನಾಳೆ ಬರುವ ತೀರ್ಪು ನಿಮಗೂ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲ ಕೆಲಸ, ಇಬ್ಬರ ವಕೀಲರಿಂದಲೂ ಅರ್ಜಿ ಮತ್ತು ಈವರೆಗಿನ ಆದೇಶಗಳ ದೃಢೀಕೃತ ಪ್ರತಿ ಕೇಳಿ. ಬಾಯಿ ಮಾತು ಸಾಲದು. ತಡೆ ಇದ್ದರೂ ಹೆದರಬೇಡಿ. ಇಬ್ಬರೂ ಒಪ್ಪಿ ಜಂಟಿ ಮೆಮೊ (ಇಬ್ಬರ ಸಹಿಯ ಮನವಿ) ಹಾಕಿ, ಮಾರಲು ಕೋರ್ಟಿನ ಅನುಮತಿ ಕೇಳಬಹುದು.

ಸುಮ್ನೆ ಕಾದರೆ ಎಷ್ಟು ದಿನ ಹೋಗುತ್ತದೆ ಗೊತ್ತಾ? ಇಬ್ಬರೂ ಒಪ್ಪಿ ಹಾಕಿದ ಅರ್ಜಿಯಾದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಆರು ತಿಂಗಳ ಕಾಯುವ ಅವಧಿ ಇದೆ. ಅದನ್ನು ಕೋರ್ಟು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಎಲ್ಲರಿಗೂ ಸಿಗುವುದಿಲ್ಲ. ಜಗಳದ ಕೇಸಾದರೆ ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ಮಕ್ಕಳ ಶಾಲೆ, ಬಾಡಿಗೆ, ಬ್ಯಾಂಕು ಅಷ್ಟು ದಿನ ನಿಲ್ಲುತ್ತವಾ?

"ಕೇಸ್ ಮುಗಿಯಲಿ" ಎಂಬ ಮಾತಿನ ಹಿಂದೆ ನಾನು ಹೆಚ್ಚಾಗಿ ಕಂಡಿರುವುದು ಎರಡು ವಿಷಯ. ಒಂದು, ಹಣ ಹೇಗೆ ಹಂಚುವುದು ಎಂಬ ತಕರಾರು. ಇನ್ನೊಂದು, ಒಬ್ಬರ ಮುಖ ಒಬ್ಬರು ನೋಡಲಾಗದ ಸಂಕಟ.

ಹಣದ ತಕರಾರಿಗೆ ಒಂದು ದಾರಿ ಇದೆ. ಜಗಳ ಇಲ್ಲದ ಭಾಗಕ್ಕೆ ಇಬ್ಬರ ಹೆಸರಲ್ಲೂ ಬೇರೆ ಬೇರೆ ಡಿಡಿ ಕೊಡಿ. ಜಗಳ ಇರುವ ಭಾಗ ಅವರಿಬ್ಬರ ಸಹಿ ಇಲ್ಲದೆ ತೆಗೆಯಲಾಗದ ಜಂಟಿ ಖಾತೆಯಲ್ಲೋ, ಕೋರ್ಟಿನಲ್ಲೋ ಠೇವಣಿ ಇರಲಿ. ಅದನ್ನು ಅವರು ನಿಧಾನಕ್ಕೆ ತೀರ್ಮಾನಿಸಿಕೊಳ್ಳಲಿ, ನಿಮ್ಮ ಕ್ರಯಪತ್ರ ಅದಕ್ಕಾಗಿ ಕಾಯಬೇಕಿಲ್ಲ. "ಇನ್ನೊಂದು ಐದು ಲಕ್ಷ ನನ್ನ ಖಾತೆಗೆ ಹಾಕಿ, ಅವಳನ್ನು ಒಪ್ಪಿಸುತ್ತೇನೆ" ಎಂದು ಗಂಡನ ಕಡೆಯಿಂದ ಫೋನ್ ಬಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹೆಂಡತಿ ಕಡೆಯವರು ಕೇಳಿದರೂ ಅಷ್ಟೇ.

ಮುಖ ನೋಡುವ ಸಂಕಟ ಸಣ್ಣದು ಎಂದುಕೊಳ್ಳಬೇಡಿ. ನನ್ನ ಕಕ್ಷಿದಾರರೊಬ್ಬರು ಕೊಂಡ ಮನೆಯ ರಿಜಿಸ್ಟ್ರೇಶನ್ ಎರಡು ಸಲ ಮುಂದೆ ಹೋಗಿದ್ದು ಇದೇ ಕಾರಣಕ್ಕೆ. ಆ ಮನೆ ಮಾರುತ್ತಿದ್ದ ದಂಪತಿಯಲ್ಲಿ ಹೆಂಡತಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲವರೆಗೆ ಬಂದು, ಒಳಗೆ ಬೆಂಚಿನಲ್ಲಿ ಗಂಡನನ್ನೂ ಅವರ ಅಣ್ಣನನ್ನೂ ಕಂಡು, ಒದ್ದೆ ಕೊಡೆ ಮಡಚದೆಯೇ ವಾಪಸ್ ಹೋದರು. ತಪ್ಪು ಅವರದಲ್ಲ. ಬೇರೆ ಬೇರೆಯಾಗಿ ಬರಬಹುದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನೋಂದಣಿ ಕಾಯ್ದೆ ಪ್ರಕಾರ ಬರೆದುಕೊಡುವವರು ಒಟ್ಟಿಗೇ ಹಾಜರಾಗಬೇಕೆಂದಿಲ್ಲ, ಬೇರೆ ಬೇರೆ ಸಮಯದಲ್ಲಿ ಬಂದು ಒಪ್ಪಿಕೊಳ್ಳಬಹುದು. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರ ಹಾಜರುಪಡಿಸಿದರೆ ಸಾಕು. ಮೂರನೇ ಸಲ ಅವರು ಬೆಳಿಗ್ಗೆ ಬಂದರು, ಗಂಡ ಊಟದ ನಂತರ. ಕೆಲಸ ಮುಗಿಯಿತು.

ನಿಮ್ಮ ಮಾರಾಟಗಾರರಿಗೆ ದುಬೈಯಿಂದ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ಇಲ್ಲಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಮಾಡಿ ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಇಂಥ ಜಗಳದಲ್ಲಿ ಪವರ್ ರದ್ದು ಮಾಡುವುದೂ ಉಂಟು. ರಿಜಿಸ್ಟ್ರೇಶನ್‌ನ ಹಿಂದಿನ ದಿನ ಅವರಿಗೇ ವಿಡಿಯೊ ಕಾಲ್ ಮಾಡಿ, ಪವರ್ ಇನ್ನೂ ಜಾರಿಯಲ್ಲಿದೆಯೇ ಎಂದು ಕೇಳಿ.

ಟಿಡಿಎಸ್, ಅಂದರೆ ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ, ಕಡಿಯುವುದು ಕೊಳ್ಳುವವರ ಜವಾಬ್ದಾರಿ. ಒಟ್ಟು ಬೆಲೆ 50 ಲಕ್ಷ ದಾಟಿದ್ದರಿಂದ ಹೆಂಡತಿಯ ಪಾಲಿಗೆ 1 ಶೇಕಡಾ ಕಡಿಯಬೇಕು, ಅವರ ಪಾಲು 39 ಲಕ್ಷವೇ ಆದರೂ. ಗಂಡ ಅನಿವಾಸಿಯಾದರೆ ಅವರ ಪಾಲಿಗೆ ಲೆಕ್ಕವೇ ಬೇರೆ, ದರ ತುಂಬಾ ಜಾಸ್ತಿ. ಕಡಿಮೆ ಕಡಿತದ ಪ್ರಮಾಣಪತ್ರ ಬೇಕಿದ್ದರೆ ಅವರು ಈಗಲೇ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಲಿ, ಅದಕ್ಕೂ ಸಮಯ ಹಿಡಿಯುತ್ತದೆ.

ಇನ್ನು ನಿಮ್ಮ ಕರಾರು. ಅದರ ವಾಯಿದೆ ಏಪ್ರಿಲ್‌ಗೆ ಮುಗಿದಿದೆ. ಈ ವಾರವೇ ನಿಮ್ಮ ವಕೀಲರಿಂದ ಇಬ್ಬರಿಗೂ ಬೇರೆ ಬೇರೆ ಪತ್ರ ಹೋಗಲಿ, "ನಮ್ಮ ಹಣ ತಯಾರಿದೆ, ಬನ್ನಿ" ಎಂದು. ಜೊತೆಗೆ ಸಾಲ ಮಂಜೂರಾತಿಯ ಪ್ರತಿ ಇಡಿ. ಕೊಳ್ಳಲು ನೀವು ಸದಾ ತಯಾರಿದ್ದಿರಿ ಎಂಬುದಕ್ಕೆ ನಾಳೆ ಇದೇ ದಾಖಲೆ. ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹಾಕಲು ಕರಾರಿನಲ್ಲಿ ಹೇಳಿದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಅವರು ಒಪ್ಪಿದರೆ ಹೊಸ ದಿನಾಂಕ ಹಾಕಿ ಪೂರಕ ಕರಾರು ಮಾಡಿ, ಅದನ್ನು ನೋಂದಣಿ ಮಾಡಿಸಿ. ಆಗ ಅದು ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರದಲ್ಲಿ) ಕಾಣುತ್ತದೆ. ಹಿಂದೆ ಸರಿಯುವುದಾದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನೂ ಬರೆಸಿ.

ಇಷ್ಟರ ಮಧ್ಯೆ ಆ ಮನೆಯನ್ನು ಒಮ್ಮೆ ಹೋಗಿ ನೋಡಿದ್ದೀರಾ? ನಮ್ಮ ಮಳೆಗೆ ಒಂದು ಮಳೆಗಾಲ ಬಾಗಿಲು ಹಾಕಿದ ಮನೆ ಜನವರಿಯಲ್ಲಿ ಕಂಡ ಮನೆ ಆಗಿ ಉಳಿಯುವುದಿಲ್ಲ. ತಾರಸಿಯ ನೀರಿನ ಕೊಳವೆಯಲ್ಲಿ ಎಲೆ ತುಂಬಿ ನೀರು ನಿಂತಿರುತ್ತದೆ, ಕಪಾಟಿನ ಹಿಂದೆ ಗೋಡೆ ಬೂಸ್ಟು ಹಿಡಿದಿರುತ್ತದೆ, ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ. ಫೋಟೊ ತೆಗೆದು ಇಬ್ಬರಿಗೂ ಕಳಿಸಿ. ರಿಪೇರಿ, ಮೆಸ್ಕಾಂ ಕರೆಂಟ್ ಬಿಲ್ಲು, ಮನೆ ತೆರಿಗೆ ಯಾರ ತಲೆಗೆ ಎಂಬುದು ಪೂರಕ ಕರಾರಿನಲ್ಲಿ ಬರಲಿ. ಆದರೆ ಬಾಡಿಗೆ ಮನೆ ಬಿಡಬೇಕಲ್ಲ ಎಂದು ಕೀಲಿಕೈ ತೆಗೆದುಕೊಂಡು ಅಲ್ಲಿ ಹೋಗಿ ಕೂರಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಸ್ಟಾಂಪ್ ಡ್ಯೂಟಿ ಬೀಳುತ್ತದೆ.

ಪತ್ರ ತಲುಪಿ ಒಂದು ತಿಂಗಳಾದರೂ ಇಬ್ಬರಿಂದಲೂ ಬರಹದಲ್ಲಿ ಉತ್ತರ ಬರದಿದ್ದರೆ ಮುಂಗಡ ವಾಪಸ್ ಕೇಳುತ್ತೀರೋ, ದಾವೆ ಹಾಕುತ್ತೀರೋ ಎಂದು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ನನ್ನನ್ನು ಕೇಳಿದರೆ, ಆ ಮನೆಯೇ ಬೇಕೆಂಬ ಹಟ ಇಲ್ಲದಿದ್ದರೆ ಹಣ ವಾಪಸ್ ತೆಗೆದುಕೊಂಡು ಬೇರೆ ಮನೆ ನೋಡುವುದು ಒಳ್ಳೆಯದು. ಮುಂಗಡ ಕೊಡದೆ ಸತಾಯಿಸಿದರೆ ಆ ಮೊತ್ತಕ್ಕೆ ಆಸ್ತಿಯ ಮೇಲೆಯೇ ನಿಮಗೆ ಹಕ್ಕಿದೆ.

ಪ್ರಶ್ನೆ: ಉಡುಪಿ ಅಂಬಲಪಾಡಿಯಲ್ಲಿ ಮನೆ ನೋಡಿದ್ದೇವೆ. ಗಂಡನ ಹೆಸರಲ್ಲಿ ಮಾತ್ರ ಇದೆ. ಕೇಸ್ ನಡೆಯುತ್ತಿದೆ, ಹೆಂಡತಿ ಮಕ್ಕಳು ಅಲ್ಲೇ ವಾಸ. "ಅವಳ ಸಹಿ ಬೇಡ" ಎನ್ನುತ್ತಾರೆ. ಮುಂಗಡ ಕೊಡಬಹುದಾ?

ಉತ್ತರ: ಈಗ ಬೇಡ. ದಾಖಲೆಯಲ್ಲಿ ಹೆಸರು ಇಲ್ಲದಿದ್ದರೂ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರಡಿ ಆ ಮನೆಯಲ್ಲಿ ವಾಸಿಸುವ ಹಕ್ಕು ಅವರು ಕೇಳಬಹುದು, ಮಾರಾಟಕ್ಕೆ ತಡೆಯನ್ನೂ ತರಬಹುದು. ಆ ತಾಯಿ ಮಕ್ಕಳಿಗೆ ಬೇರೆ ನೆಲೆ ಗೊತ್ತಾಗಿ, ಅವರು ಕ್ರಯಪತ್ರಕ್ಕೆ ಒಪ್ಪಿಗೆಯ ಸಹಿ ಹಾಕಲು ಸಿದ್ಧರಿದ್ದರೆ ಆಗ ಮುಂದುವರಿಯಿರಿ. ಒಮ್ಮೆ ನೀವೇ ಹೋಗಿ ಅವರನ್ನು ಮಾತಾಡಿಸಿ.