ಹನ್ನೆರಡು ಪುಟಗಳಲ್ಲಿ ಆ ಹದಿನಾರು ವರ್ಷ ಎಲ್ಲಿ?

ವಿಜಯನಗರದಿಂದ ಬರೆದಿರುವ ಲೇಖಕಿಗೆ,

ನಮಸ್ಕಾರ. ನೀವು ಕಳಿಸಿದ ‘ಕ್ಯಾನ್ಸರ್ ಗೆದ್ದ ವಿಜ್ಞಾನಿ’ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಆದರೆ ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಇನ್ನೊಂದು ಸಲ ಬರೆದರೆ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಇರುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಶುರು ಮಾಡಿರುವುದು 2014ರ ಲಾಸ್ಕರ್ ಪ್ರಶಸ್ತಿಯಿಂದ. ಆಮೇಲೆ ಹುಟ್ಟು, ಓದು, ಡಿಗ್ರಿ. ಐದನೇ ಪುಟದಲ್ಲಿ ಒಂದು ವಾಕ್ಯ ಬರುತ್ತದೆ: ‘ಹಲವು ವರ್ಷಗಳ ಸತತ ಪರಿಶ್ರಮದ ಫಲವಾಗಿ 1990ರಲ್ಲಿ ಯಶಸ್ಸು ದೊರೆಯಿತು.’ ನಾನು ಅಲ್ಲೇ ನಿಂತೆ. ಸ್ತನ ಕ್ಯಾನ್ಸರ್‌ಗೆ ಕಾರಣವಾಗುವ ಜೀನ್ ಹುಡುಕುವ ಈ ಕೆಲಸಕ್ಕೆ ಅವರು ಕೈ ಹಾಕಿದ್ದು 1974ರಲ್ಲಿ. ಅಂದರೆ ನಿಮ್ಮ ‘ಹಲವು ವರ್ಷ’ ಹದಿನಾರು ವರ್ಷ. ನಿಮ್ಮ ಲೇಖನ ಇರುವುದೇ ಆ ಒಂದು ವಾಕ್ಯದಲ್ಲಿ. ಅದನ್ನು ನೀವು ದಾಟಿ ಹೋಗಿಬಿಟ್ಟಿದ್ದೀರಿ.

ಆಗಿನ ಪರಿಸ್ಥಿತಿ ನೋಡಿ. ಸ್ತನ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಜಾಸ್ತಿ ಅನ್ನುವುದು ಹೊಸ ಮಾತೇನೂ ಅಲ್ಲ. 1866ರಲ್ಲೇ ಪಾಲ್ ಬ್ರೋಕಾ ಎಂಬ ಫ್ರೆಂಚ್ ವೈದ್ಯರು ತಮ್ಮ ಹೆಂಡತಿಯ ತವರಿನಲ್ಲಿ ನಾಲ್ಕು ತಲೆಮಾರು ಈ ಕಾಯಿಲೆ ಬಂದದ್ದನ್ನು ಬರೆದಿಟ್ಟಿದ್ದರು. ಆದರೆ ಅದಕ್ಕೆ ಒಂದೇ ಒಂದು ಜೀನ್ ಕಾರಣವಾಗಿರಬಹುದು ಅಂದರೆ ಒಪ್ಪುವವರು ಕಡಿಮೆ. ಒಪ್ಪದವರ ಅನುಮಾನದಲ್ಲೂ ಅರ್ಥ ಇತ್ತು. ಸ್ತನ ಕ್ಯಾನ್ಸರ್ ಅಪರೂಪದ ಕಾಯಿಲೆ ಅಲ್ಲ. ಒಂದೇ ಮನೆಯ ಮೂವರಿಗೆ ಸುಮ್ನೆ ಆಕಸ್ಮಿಕವಾಗಿಯೂ ಬಂದಿರಬಹುದು. ಹಾಗಾದರೆ ಜೀನ್‌ನಿಂದ ಬಂದದ್ದು ಯಾವುದು, ಆಕಸ್ಮಿಕ ಯಾವುದು ಅಂತ ಬೇರೆ ಮಾಡುವುದು ಹೇಗೆ?

ಇಲ್ಲಿ ಕಿಂಗ್ ಅವರ ಗಣಿತದ ಓದು ಕೆಲಸಕ್ಕೆ ಬರುತ್ತದೆ. ನೀವು ‘ಗಣಿತ ಪದವೀಧರೆ’ ಅಂತ ಎರಡನೇ ಪುಟದಲ್ಲಿ ಹೇಳಿ ಕೈಬಿಟ್ಟಿದ್ದೀರಿ. ಅದನ್ನು ಇಲ್ಲಿಗೆ ತನ್ನಿ. ಮೊದಲು ಅವರ ತಂಡ 1,500ಕ್ಕೂ ಜಾಸ್ತಿ ರೋಗಿಗಳ ಕುಟುಂಬಗಳ ಲೆಕ್ಕ ಹಾಕಿತು. ಅದರಲ್ಲಿ ಸುಮಾರು 4 ಶೇಕಡಾ ಕುಟುಂಬಗಳಲ್ಲಿ ಮಾತ್ರ ಒಂದೇ ಜೀನ್ ಕೆಲಸ ಮಾಡುತ್ತಿರುವ ಹಾಗೆ ಕಂಡಿತು. ಇದು ಪ್ರಕಟವಾದದ್ದು 1988ರಲ್ಲಿ. ಆಮೇಲೆ 23 ಕುಟುಂಬಗಳು, ಅವುಗಳಲ್ಲಿ 146 ಸ್ತನ ಕ್ಯಾನ್ಸರ್ ಪ್ರಕರಣಗಳು. ಎಲ್ಲ ಕುಟುಂಬಗಳನ್ನೂ ಒಟ್ಟಿಗೆ ಹಾಕಿ ನೋಡಿದರೆ ಉತ್ತರ ಕಲಸಿಹೋಗುತ್ತಿತ್ತು. ಕಾಯಿಲೆ ಬಂದ ವಯಸ್ಸಿನ ಪ್ರಕಾರ ಕುಟುಂಬಗಳನ್ನು ಸಾಲಾಗಿ ಇಟ್ಟರು, ಚಿಕ್ಕ ವಯಸ್ಸಿಗೆ ಬಂದವರು ಮೊದಲು. ಆಗ ಕಾಣಿಸಿತು. ಚಿಕ್ಕ ವಯಸ್ಸಿಗೇ ಕಾಯಿಲೆ ಬಂದ ಕುಟುಂಬಗಳು ಒಂದೇ ಜಾಗವನ್ನು ತೋರಿಸುತ್ತಿದ್ದವು: 17ನೇ ಕ್ರೋಮೋಸೋಮ್ (ಜೀನ್‌ಗಳು ಸಾಲಾಗಿ ಇರುವ ಡಿಎನ್‌ಎ ಎಳೆಗಳಲ್ಲಿ ಒಂದು). ವಯಸ್ಸಾದ ಮೇಲೆ ಬಂದ ಕುಟುಂಬಗಳಲ್ಲಿ ಆ ಗುರುತು ಇರಲಿಲ್ಲ. ಮೊರದಲ್ಲಿ ಕೇರಿ ಕೇರಿ ಕೊನೆಗೆ ಕಲ್ಲು ಒಂದು ಕಡೆಗೆ ಬಂದ ಹಾಗೆ. ಓದುಗರು ಈ ಘಳಿಗೆಗಾಗಿ ಕಾಯುವ ಹಾಗೆ ಬರೆಯಿರಿ. ಇದಕ್ಕೆ ನಾಲ್ಕು ಪುಟ ತೆಗೆದುಕೊಂಡರೂ ನಾನು ಬೇಡ ಅನ್ನುವುದಿಲ್ಲ.

ಈಗ ತಪ್ಪುಗಳು. ‘ಬಿಆರ್‌ಸಿಎ1 ಜೀನನ್ನು ಹುಡುಕಿ ತೆಗೆದವರು ಕಿಂಗ್’ ಅಂದಿದ್ದೀರಿ. ಬಿಆರ್‌ಸಿಎ1 ಅಂದರೆ 17ನೇ ಕ್ರೋಮೋಸೋಮಿನ ಆ ಜೀನ್. ಅದು ಇರುವ ಜಾಗವನ್ನು ತೋರಿಸಿದವರು, ಆ ಹೆಸರಿಟ್ಟವರು ಅವರು. ಜೀನನ್ನೇ ಕೈಗೆ ಹಿಡಿದದ್ದು 1994ರಲ್ಲಿ, ಯೂಟಾದ ಮಾರ್ಕ್ ಸ್ಕೋಲ್ನಿಕ್ ಅವರ ತಂಡ. ನಾಲ್ಕು ವರ್ಷ ಹಲವು ತಂಡಗಳು ಓಡಿದ ಓಟ ಅದು, ಕಿಂಗ್ ಅವರ ತಂಡವೂ ಓಡಿತ್ತು. ಇದನ್ನು ಮುಚ್ಚಿಟ್ಟರೆ ಅವರ ಗೌರವ ಹೆಚ್ಚುವುದಿಲ್ಲ. ಆ ಜೀನ್ ಮೇಲೆ ಪೇಟೆಂಟ್ ಬಂದದ್ದು, 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೇಹದಲ್ಲಿ ಸಹಜವಾಗಿ ಇರುವ ಡಿಎನ್‌ಎಗೆ ಪೇಟೆಂಟ್ ಇಲ್ಲ ಅಂದದ್ದು ನಿಮ್ಮಲ್ಲಿ ಇಲ್ಲವೇ ಇಲ್ಲ. ಅದೇ ವರ್ಷ ತನ್ನ ಜೀನ್ ಬಗ್ಗೆ ಬಹಿರಂಗವಾಗಿ ಬರೆದ ನಟಿ ಏಂಜಲೀನಾ ಜೋಲಿಗೆ ಎರಡು ಪುಟ ಕೊಟ್ಟಿದ್ದೀರಿ. ಒಂದು ವಾಕ್ಯ ಸಾಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ‘ಕೆಲವರಲ್ಲಿ ಬಿಆರ್‌ಸಿಎ ಎಂಬ ಜೀನ್ ಇರುತ್ತದೆ, ಇದ್ದರೆ ಕ್ಯಾನ್ಸರ್ ಖಚಿತ, ಅದು ಹಣೆಬರಹ’ ಅಂದಿದ್ದೀರಿ. ಆ ಜೀನ್ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಡಿಎನ್‌ಎ ಮುರಿದರೆ ರಿಪೇರಿ ಮಾಡುವುದು ಅದರ ಕೆಲಸ. ಅದರಲ್ಲಿ ಹುಟ್ಟಿನಿಂದ ತಪ್ಪೊಂದು ಸೇರಿಕೊಂಡಿದ್ದರೆ ತೊಂದರೆ. ಅಂಥ 100 ಹೆಂಗಸರಲ್ಲಿ 80 ವರ್ಷದೊಳಗೆ ಸುಮಾರು 70 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ಅಂಡಾಶಯದ ಕ್ಯಾನ್ಸರ್ ಬಿಆರ್‌ಸಿಎ1ರಲ್ಲಿ ತಪ್ಪಿದ್ದರೆ ನೂರರಲ್ಲಿ ಸುಮಾರು 44 ಜನರಿಗೆ, ಇಂಥದೇ ಇನ್ನೊಂದು ಜೀನ್ ಬಿಆರ್‌ಸಿಎ2ರಲ್ಲಿ ತಪ್ಪಿದ್ದರೆ ಸುಮಾರು 17 ಜನರಿಗೆ. ತುಂಬಾ ದೊಡ್ಡ ಅಪಾಯ, ನಿಜ. ಆದರೆ ಹಣೆಬರಹ ಅಂದರೆ ಓದಿದವರು ಕೈಚೆಲ್ಲಿ ಕೂರುತ್ತಾರೆ. ಮೊದಲೇ ಗೊತ್ತಾದರೆ ತಪಾಸಣೆ ಇದೆ, ಆಪರೇಷನ್ ಇದೆ, ದಾರಿ ಇದೆ. ಕಿಂಗ್ ಇಷ್ಟು ವರ್ಷ ದುಡಿದದ್ದು ಅದಕ್ಕೇ ಅಲ್ವಾ? ಜೊತೆಗೆ ಸ್ತನ ಕ್ಯಾನ್ಸರ್ ಆದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಇದು ವಂಶದಿಂದ ಬಂದಿರುತ್ತದೆ ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ಸುಮ್ನೆ ಹೆದರಿಸಿದ ಹಾಗಾಗುತ್ತದೆ.

ನಮ್ಮ ಓದುಗರು ಕೇಳುವ ಎರಡು ಪ್ರಶ್ನೆಗಳಿಗೆ ಉತ್ತರ ಇರಲಿ. ಇದು ಸೋದರಮಾವನನ್ನು ಮದುವೆಯಾದದ್ದರಿಂದ ಬರುತ್ತದಾ? ಇಲ್ಲ. ತಪ್ಪಿರುವ ಒಂದು ಪ್ರತಿ ಒಬ್ಬರಿಂದ ಬಂದರೆ ಸಾಕು, ಇಬ್ಬರಿಂದಲೂ ಬರಬೇಕಾಗಿಲ್ಲ. ಇದು ತಾಯಿ ಕಡೆಯಿಂದ ಮಾತ್ರ ಬರುತ್ತದಾ? ಅದೂ ಇಲ್ಲ. ಅಪ್ಪನಿಂದಲೂ ಅಷ್ಟೇ ಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಮ್ಮ ಅತ್ತಿಗೆ ಎದೆಯಲ್ಲಿ ಗಂಟು ಅಂತ ತೋರಿಸಲು ಹೋದಾಗ ‘ನಿಮ್ಮ ತಾಯಿಗೆ, ಅಕ್ಕತಂಗಿಯರಿಗೆ ಇತ್ತಾ?’ ಅಂತ ಕೇಳಿ ಬಿಟ್ಟರು. ಅವರ ಸೋದರತ್ತೆಯರು ಇಬ್ಬರೂ ಹೋಗಿದ್ದು ಇದೇ ಕಾಯಿಲೆಯಲ್ಲಿ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ದಿನ ನೆನೆದರೆ ನನಗೆ ಈಗಲೂ ಸಂಕಟ. ನಿಮ್ಮ ಲೇಖನದಲ್ಲಿ ಅಪ್ಪ ಅನ್ನುವ ಪದ ಒಂದು ಸಲವೂ ಇಲ್ಲ.

ಭಾಷೆ. ವಂಶವಾಹಿ, ಗುಣಾಣು, ಜೀನ್, ಮೂರೂ ಬಳಸಿದ್ದೀರಿ. ಓದುಗರು ಮೂರು ವಸ್ತು ಅಂದುಕೊಳ್ಳುತ್ತಾರೆ. ‘ಜೀನ್’ ಸಾಕು. ‘ಉತ್ಪರಿವರ್ತನೆ’ ಬದಲು ‘ಜೀನ್‌ನಲ್ಲಿ ಆದ ತಪ್ಪು’ ಅನ್ನಿ. ಶೀರ್ಷಿಕೆಯೂ ಬೇಡ, ಕ್ಯಾನ್ಸರನ್ನು ಅವರು ಗೆದ್ದಿಲ್ಲ.

ಅರ್ಜೆಂಟೀನಾದ ಅಜ್ಜಿಯರ ಭಾಗ ಚೆನ್ನಾಗಿದೆ. ಸೈನಿಕ ಆಡಳಿತ ಆ ಅಜ್ಜಿಯರ ಬೆಳೆದ ಮಕ್ಕಳನ್ನು ಕೊಂದು ಮೊಮ್ಮಕ್ಕಳನ್ನು ಕದ್ದಿತ್ತು; ಆಮೇಲೆ ಅಜ್ಜಿ ಮೊಮ್ಮಗುವಿನ ರಕ್ತಸಂಬಂಧವನ್ನು ಕಿಂಗ್ ಜೀನ್‌ಗಳಿಂದಲೇ ಸಾಬೀತು ಮಾಡಿಕೊಟ್ಟರು. ಓದುತ್ತಾ ಗಂಟಲು ಕಟ್ಟಿತು. ಆದರೆ ಅದು ಇನ್ನೊಂದು ಲೇಖನ. ಇಲ್ಲಿಂದ ತೆಗೆದು ಬೇರೆಯಾಗಿ ಬರೆಯಿರಿ, ಖಂಡಿತ ಹಾಕುತ್ತೇನೆ.

ಕೊನೆಗೆ ನಿಮ್ಮ ಪತ್ರದ ವಿಷಯ. ಲೇಖನದ ಜೊತೆ ಇಟ್ಟ ಪತ್ರದಲ್ಲಿ ಬರೆದಿದ್ದೀರಿ: ದೊಡ್ಡಮ್ಮನನ್ನು ಕಿದ್ವಾಯಿಗೆ ಕರೆದುಕೊಂಡು ಹೋಗುವಾಗ ಅಕ್ಕಪಕ್ಕದವರಿಗೆ ‘ಜಯನಗರದಲ್ಲಿ ಮದುವೆ’ ಅಂದಿರಿ, ಅಜ್ಜಿ ಸತ್ತದ್ದು ‘ಹೊಟ್ಟೆಯ ಗಡ್ಡೆ’ಯಿಂದ ಅಂತಷ್ಟೇ ನಿಮಗೆ ಗೊತ್ತು, ಮನೆಯ ಹುಡುಗಿಯರ ಮದುವೆ ಆಗುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಹನ್ನೆರಡು ಪುಟದಲ್ಲಿ ಇಲ್ಲದ ಜೀವ ಈ ಮೂರು ಸಾಲಿನಲ್ಲಿದೆ. ಕಿಂಗ್ ಅವರಿಗೆ ಬೇಕಾಗಿದ್ದದ್ದೂ ಇದೇ ತಾನೇ? ಯಾರಿಗೆ ಬಂತು, ಯಾವ ವಯಸ್ಸಿಗೆ ಬಂತು. ನಮ್ಮ ಬೆಂಗಳೂರಿನ ಎಷ್ಟು ಮನೆಗಳಲ್ಲಿ ಈ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ? ಲೇಖನ ಅಲ್ಲಿಂದ ಶುರುವಾಗಲಿ.

ಆದರೆ ಬರೆಯುವ ಮುಂಚೆ ದೊಡ್ಡಮ್ಮನ ಮಕ್ಕಳನ್ನು ಕೇಳಿ. ನಿಮ್ಮ ಮನೆಯ ಜೀನ್ ಬಗ್ಗೆ ಬರೆದರೆ ಅದು ಅವರ ಬಗ್ಗೆ, ಅವರ ಹೆಣ್ಣುಮಕ್ಕಳ ಬಗ್ಗೆಯೂ ಬರೆದ ಹಾಗೆ. ಅವರು ಬೇಡ ಅಂದರೆ ಆ ಭಾಗ ಬಿಟ್ಟು, ಆ 23 ಕುಟುಂಬಗಳಿಂದಲೇ ಶುರು ಮಾಡಿ. ಎಂಟು ಪುಟ ಸಾಕು. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ನಿಮ್ಮ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಐದನೇ ಪುಟದಲ್ಲಿ ಆ ವಾಕ್ಯದ ಸುತ್ತ ದೊಡ್ಡದಾಗಿ ಗೆರೆ ಎಳೆದಿದ್ದೇನೆ, ಅಲ್ಲಿಂದ ನೋಡಿ.

ನಿಮ್ಮ,
ಸಂಪಾದಕ