ಶಿಬಿರದಲ್ಲಿ ‘ಸಿಕಲ್ ಪಾಸಿಟಿವ್’ ಅಂದರು, ನನಗೆ ಕಾಯಿಲೆ ಇದೆಯಾ?

ಪ್ರಶ್ನೆ: ನನಗೆ 21 ವರ್ಷ. ಕಾಲೇಜಿನ ರಕ್ತ ತಪಾಸಣೆ ಶಿಬಿರದಲ್ಲಿ ‘ಸಿಕಲ್ ಪಾಸಿಟಿವ್’ ಎಂದು ಚೀಟಿ ಕೊಟ್ಟರು. ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಯಾರಿಗೂ ಹೇಳಬೇಡ, ಮದುವೆಗೆ ಅಡ್ಡಿಯಾಗುತ್ತದೆ ಅನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ಆ ಚೀಟಿಯನ್ನು ಇನ್ನೊಮ್ಮೆ ನೋಡಿ. ಯಾವ ಪರೀಕ್ಷೆ ಅಂತ ಬರೆದಿದ್ದಾರೆ? ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ಸಾಲ್ಯುಬಿಲಿಟಿ ಟೆಸ್ಟ್. ಒಂದಿಷ್ಟು ರಕ್ತವನ್ನು ದ್ರಾವಣಕ್ಕೆ ಹಾಕುತ್ತಾರೆ, ಅದು ಮಬ್ಬಾದರೆ ಪಾಸಿಟಿವ್. ರಕ್ತದಲ್ಲಿ ಸಿಕಲ್ ಹಿಮೋಗ್ಲೋಬಿನ್ (ಕೆಂಪು ರಕ್ತಕಣಗಳನ್ನು ಬಾಗಿಸಬಲ್ಲ, ಮಾಮೂಲಿಗಿಂತ ಬೇರೆಯಾದ ಹಿಮೋಗ್ಲೋಬಿನ್) ಇದೆ ಅನ್ನುವುದಷ್ಟೇ ಇದರಿಂದ ಗೊತ್ತಾಗುತ್ತದೆ, ಎಷ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ. ಕಾಯಿಲೆಯವರ ರಕ್ತವೂ ಮಬ್ಬು, ಬರೀ ವಾಹಕರ, ಅಂದರೆ ಜೀನ್ ಇದ್ದರೂ ಕಾಯಿಲೆ ಇಲ್ಲದವರ ರಕ್ತವೂ ಮಬ್ಬು. ಆದ್ದರಿಂದ ಎಚ್‌ಪಿಎಲ್‌ಸಿ ಅಥವಾ ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ ಮಾಡಿಸಿ. ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಬೇರ್ಪಡಿಸಿ ಹೇಳುವ ರಕ್ತಪರೀಕ್ಷೆಗಳಿವು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನು ಮೊದಲೇ ಹೇಳಿ. ಕೊಟ್ಟವರ ರಕ್ತವೂ ಲೆಕ್ಕಕ್ಕೆ ಸೇರಿ ಫಲಿತಾಂಶ ತಪ್ಪಬಹುದು.

ಹಿಮೋಗ್ಲೋಬಿನ್‌ನ ಈ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಸಿಕಲ್ ಆಗಿದ್ದರೆ ಕಾಯಿಲೆ. ಆಗ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗಿ ಗಟ್ಟಿಯಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾರದ ನೋವು ಕೊಡುತ್ತವೆ. ಸುಮಾರು 120 ದಿನ ಬದುಕಬೇಕಾದ ಕಣ 10–20 ದಿನಕ್ಕೇ ಒಡೆಯುವುದರಿಂದ ರಕ್ತಹೀನತೆ ಬೇರೆ. ಒಂದು ಮಾತ್ರ ಸಿಕಲ್ ಆಗಿದ್ದು ಇನ್ನೊಂದು ಸರಿಯಿದ್ದರೆ ನೀವು ವಾಹಕರು. 21 ವರ್ಷ ಏನೂ ಆಗಿಲ್ಲವೆಂದರೆ ಬಹುಶಃ ಇದೇ ಇರಬೇಕು. ಆದರೆ ಸೌಮ್ಯ ರೂಪದ ಕಾಯಿಲೆಯೂ ಉಂಟು, ಊಹೆಯಲ್ಲಿ ಬಿಡಬೇಡಿ. ವಾಹಕರಿಗೆ ಔಷಧಿ ಬೇಕಿಲ್ಲ. ಬಿಸಿಲಲ್ಲಿ ನೀರು ಕುಡಿಯದೆ ಮೈಮುರಿಯುವಷ್ಟು ಓಡುವುದು ಬೇಡ. ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರನ್ನು ನೋಡಿ.

ಇನ್ನು ಮದುವೆ. ವಾಹಕರು ಮದುವೆಯಾಗಬಾರದು ಅನ್ನುವುದು ತಪ್ಪು. ಸಂಗಾತಿಯ ಎರಡೂ ಜೀನ್ ಸರಿಯಿದ್ದರೆ ಮಕ್ಕಳು ವಾಹಕರಾಗಬಹುದು, ಕಾಯಿಲೆ ಬರುವುದಿಲ್ಲ. ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಪ್ರತಿ ಗರ್ಭಕ್ಕೂ ಶೇ 25ರಷ್ಟು. ‘ಪ್ರತಿ ಗರ್ಭಕ್ಕೂ’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದುಕೊಂಡವರನ್ನು ನಾನು ನೋಡಿದ್ದೇನೆ. ಹಾಗಲ್ಲ, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು.

ಹುಡುಗನ ಕಡೆಯವರು ‘ಸಿಕಲ್ ನೆಗೆಟಿವ್’ ಚೀಟಿ ತೋರಿಸಿದರೆ ಅದೂ ಸಾಲದು. ಅವನು ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್‌ನದೇ ಇನ್ನೊಂದು ಆನುವಂಶಿಕ ಕಾಯಿಲೆ) ವಾಹಕನಾಗಿದ್ದರೆ ಸಾಲ್ಯುಬಿಲಿಟಿ ಟೆಸ್ಟ್ ಅದನ್ನು ಹಿಡಿಯುವುದೇ ಇಲ್ಲ. ನಿಮ್ಮ ಸಿಕಲ್ ಜೀನ್, ಅವನ ಥಲಸ್ಸೀಮಿಯಾ ಜೀನ್ ಒಂದೇ ಮಗುವಿಗೆ ಹೋದರೆ ಅದೂ ಸಿಕಲ್ ಕಾಯಿಲೆಯೇ. ಅವನದ್ದೂ ಎಚ್‌ಪಿಎಲ್‌ಸಿ ಆಗಲಿ. ಯಾಕೋ ಪರೀಕ್ಷೆ ಅಂದರೆ ಹುಡುಗಿಯರದ್ದಷ್ಟೇ ಅನ್ನುವ ಅಭ್ಯಾಸ ಇನ್ನೂ ಹೋಗಿಲ್ಲ.

ಅಮ್ಮನ ಭಯ ನನಗೆ ಅರ್ಥವಾಗುತ್ತದೆ, ಆದರೆ ಬಚ್ಚಿಡುವುದನ್ನು ಒಪ್ಪಲಾರೆ. ಈ ಜೀನ್ ನಿಮಗೆ ಬಂದಿದ್ದು ಅಪ್ಪ ಅಮ್ಮನಿಂದಲೇ ಅಲ್ವಾ? ಅಮ್ಮನೂ ವಾಹಕಿಯಾಗಿದ್ದು, ಮದುವೆಯಾಗಿ ನಿಮ್ಮನ್ನು ಬೆಳೆಸಿರಬಹುದು. ಇದನ್ನೇ ಮೆಲ್ಲಗೆ ಹೇಳಿ ನೋಡಿ. ತಮ್ಮ, ತಂಗಿ ಇದ್ದರೆ ಅವರಿಗೂ ಪರೀಕ್ಷೆ ಬೇಕು, ಆಗ ಮುಚ್ಚಿಟ್ಟು ಉಪಯೋಗವಿಲ್ಲ.

ಪ್ರಶ್ನೆ: ನಾನು ಮದುವೆಯಾಗಬೇಕೆಂದಿರುವ ಹುಡುಗಿಯದ್ದೂ ನನ್ನದೂ ‘ಒ ಪಾಸಿಟಿವ್’. ಇದರಿಂದ ಮಕ್ಕಳಿಗೆ ಸಿಕಲ್ ಸೆಲ್ ಬರುತ್ತದೆಯಾ?

ಉತ್ತರ: ಇಲ್ಲ. ‘ಪಾಸಿಟಿವ್’ ಅನ್ನುವ ಪದ ಎರಡೂ ಕಡೆ ಇರುವುದರಿಂದ ಈ ಗೊಂದಲ. ರಕ್ತದ ಗುಂಪಿನ ಪಾಸಿಟಿವ್ ಆರ್‌ಎಚ್ ಅಂಶದ್ದು, ಸಿಕಲ್‌ಗೂ ಅದಕ್ಕೂ ಸಂಬಂಧವಿಲ್ಲ. ಗುಂಪು ಬೇರೆಯಾಗಿದ್ದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. ಇಬ್ಬರೂ ಮೇಲೆ ಹೇಳಿದ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರು ಎಂದಾದರೆ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಬಳಿ ಜೊತೆಯಾಗಿ ಹೋಗಿ. ಗರ್ಭ ನಿಂತ ಮೇಲೆ ಮಗುವಿಗೆ ಕಾಯಿಲೆ ಇದೆಯೇ ಎಂದು ಸುಮಾರು ಮೂರನೇ ತಿಂಗಳಲ್ಲೇ ತಿಳಿಯುವ ಪರೀಕ್ಷೆಯೂ ಇದೆ.